ಸೂಪರ್‌ಹೀರೋ ಕಾಮಿಕ್ಸ್‌ನಲ್ಲಿ ಹೆಣ್ಣಿನ ಚಿತ್ರಣವನ್ನು ಪರಿಶೀಲಿಸುವುದು ಹೇಗೆ?

ಸೂಪರ್‌ಹೀರೋ ಕಾಮಿಕ್ಸ್‌ನಲ್ಲಿ ಹೆಣ್ಣನ್ನು ಹೇಗೆ ಚಿತ್ರಿಸಲಾಗಿದೆ ಎಂಬ ಚರ್ಚೆ ಎದ್ದ ಕೂಡಲೇ ಮಾತು ಬಟ್ಟೆಯ ಮೇಲೆ ಹೋಗಿ ನಿಲ್ಲುತ್ತದೆ. ವೇಷ ತೀರಾ ಕಡಿಮೆಯಾಯಿತು ಎಂದು ಒಬ್ಬರು ಹೇಳುತ್ತಾರೆ. ಗಂಡು ನಾಯಕರೂ ಮೈಗೆ ಅಂಟಿದ ಉಡುಪನ್ನೇ ತೊಡುತ್ತಾರಲ್ಲ ಎಂದು ಇನ್ನೊಬ್ಬರು ಮರುನುಡಿಯುತ್ತಾರೆ. ಅಲ್ಲಿಂದ ಮುಂದೆ ಯಾರೂ ಕದಲುವುದಿಲ್ಲ. ಚರ್ಚೆಗೆ ಇಳಿಯುವ ಮುನ್ನ ಒಂದು ಸಂಚಿಕೆಯನ್ನು ಎದುರಿಗಿಟ್ಟುಕೊಂಡು ಏನನ್ನು, ಯಾವ ಕ್ರಮದಲ್ಲಿ ನೋಡಬೇಕು ಎಂಬುದನ್ನು ಇಲ್ಲಿ ಹೇಳಲಾಗಿದೆ. ನನ್ನ ಮಟ್ಟಿಗೆ ಕಥೆಯಲ್ಲಿ ಅವಳ ನಿರ್ಧಾರಕ್ಕೆ ಎಷ್ಟು ಬೆಲೆಯಿದೆ ಎಂಬುದು ಮೊದಲ ಪ್ರಶ್ನೆ. ಅವಳು ಏನು ತೊಟ್ಟಿದ್ದಾಳೆ ಎಂಬುದಕ್ಕೆ ಬರಬೇಕಾದದ್ದು ಬಹಳ ನಂತರ.

ತೀರ್ಪು ಯಾವುದರ ಬಗ್ಗೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಒಂದು ಪಾತ್ರದ ಇಡೀ ಚರಿತ್ರೆಗೆ ಒಂದೇ ಅಂಕ ಕೊಡಲು ಹೋಗುವುದು ವ್ಯರ್ಥ, ಏಕೆಂದರೆ ದೊಡ್ಡ ಅಮೆರಿಕನ್ ಪ್ರಕಾಶನ ಸಂಸ್ಥೆಗಳ ಪಾತ್ರಗಳು ಸಂಸ್ಥೆಯ ಸೊತ್ತೇ ಹೊರತು ಒಬ್ಬ ಲೇಖಕನ ಸೊತ್ತಲ್ಲ, ಮತ್ತು ಒಂದೇ ಪಾತ್ರ ದಶಕಗಳ ಕಾಲ ಹತ್ತಾರು ಕೈಗಳಲ್ಲಿ ಹಾದುಬರುತ್ತದೆ. ವಂಡರ್ ವುಮನ್ ಇದಕ್ಕೆ ಒಳ್ಳೆಯ ನಿದರ್ಶನ. ಮನಃಶಾಸ್ತ್ರಜ್ಞ ವಿಲಿಯಂ ಮೌಲ್ಟನ್ ಮಾರ್ಸ್ಟನ್ ಮತ್ತು ಚಿತ್ರಕಾರ ಎಚ್. ಜಿ. ಪೀಟರ್ 1941ರಲ್ಲಿ ಅವಳನ್ನು ಓದುಗರ ಮುಂದೆ ತಂದರು. ತನ್ನ ಸ್ವಂತ ಕಥೆಗಳಲ್ಲಿ ಅವಳು ಎಲ್ಲರಿಗಿಂತ ಮುಂದೆ ನಿಂತು ಹೋರಾಡುತ್ತಿದ್ದಳು. ಆದರೆ 1942ರಲ್ಲಿ ಬೇರೆ ಲೇಖಕರು ಬರೆಯುತ್ತಿದ್ದ ಜಸ್ಟಿಸ್ ಸೊಸೈಟಿ ಎಂಬ ಸೂಪರ್‌ಹೀರೋ ತಂಡದ ಕಥೆಗಳಿಗೆ ಬಂದಾಗ ಅದೇ ವಂಡರ್ ವುಮನ್ ಆ ತಂಡದ ಕಾರ್ಯದರ್ಶಿಯಾದಳು. ಗಂಡಸರು ಕಾರ್ಯಾಚರಣೆಗೆ ಹೊರಟರೆ ಅವಳು ಹಿಂದೆ ಉಳಿಯುತ್ತಿದ್ದಳು. 1968ರಲ್ಲಿ ಅವಳ ಶಕ್ತಿಗಳನ್ನೂ ಹಳೆಯ ವೇಷವನ್ನೂ ತೆಗೆದು ಸಾಮಾನ್ಯ ಹೆಂಗಸನ್ನಾಗಿ ಮಾಡಲಾಯಿತು. ಅಮೆರಿಕದ ಸ್ತ್ರೀವಾದಿ ಪತ್ರಿಕೆ ‘ಮಿಸ್’ 1972ರಲ್ಲಿ ಹಳೆಯ ವೇಷದ ವಂಡರ್ ವುಮನ್‌ಳನ್ನೇ ತನ್ನ ಮುಖಪುಟಕ್ಕೆ ಹಾಕಿತು, 1973ರಲ್ಲಿ ಶಕ್ತಿಗಳು ಮರಳಿದವು. ಹೀಗಿರುವಾಗ ‘ವಂಡರ್ ವುಮನ್ ಸ್ತ್ರೀಪರಳೇ’ ಎಂಬ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. ಇಂಥ ಲೇಖಕರು ಇಂಥ ವರ್ಷಗಳಲ್ಲಿ ಬರೆದ ಇಷ್ಟು ಸಂಚಿಕೆಗಳಲ್ಲಿ ಅವಳು ಹೇಗಿದ್ದಾಳೆ ಎಂದು ಕೇಳಿದರೆ ಉತ್ತರ ಸಿಗುತ್ತದೆ. ಮಾರ್ಸ್ಟನ್‌ರ ಕಥೆಗಳೊಳಗೇ ಬಲಶಾಲಿ ನಾಯಕಿಯ ಜೊತೆಗೆ ಸರಪಳಿ ಮತ್ತು ಹಗ್ಗಗಳಲ್ಲಿ ಕಟ್ಟಿಹಾಕುವ ದೃಶ್ಯಗಳು ಮತ್ತೆ ಮತ್ತೆ ಬರುತ್ತವೆ ಎಂಬುದನ್ನೂ ಮರೆಯಬಾರದು.

ಸಂಚಿಕೆಯನ್ನು ಆರಿಸಿಕೊಂಡ ಮೇಲೆ ಒಮ್ಮೆ ಕಥೆಗಾಗಿಯೇ ಓದಿ ಮುಗಿಸಿ. ಎರಡನೆಯ ಓದಿನಲ್ಲಿ ಆ ಹೆಣ್ಣುಪಾತ್ರ ತಾನಾಗಿ ತೆಗೆದುಕೊಂಡ ನಿರ್ಧಾರಗಳನ್ನು ಮಾತ್ರ ಗುರುತು ಹಾಕಿಕೊಳ್ಳಿ. ಹೊಡೆದಾಟದಲ್ಲಿ ಅವಳು ಎಷ್ಟು ಜನರನ್ನು ಕೆಡವಿದಳು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಮೂವತ್ತು ಜನರನ್ನು ಬಡಿದೂ ಕಥೆಯ ದಿಕ್ಕನ್ನು ಒಂದಿಷ್ಟೂ ಬದಲಿಸದ ನಾಯಕಿಯರು ಬೇಕಾದಷ್ಟಿದ್ದಾರೆ. ಲೇಖಕಿ ಕೆಲ್ಲಿ ಸ್ಯೂ ಡಿಕಾನಿಕ್ ಇದಕ್ಕೊಂದು ಒರಟು ಪರೀಕ್ಷೆಯನ್ನು ಸೂಚಿಸಿದ್ದಾರೆ: ಆ ಹೆಣ್ಣುಪಾತ್ರವನ್ನು ತೆಗೆದು ಅದೇ ಜಾಗದಲ್ಲಿ ಒಂದು ಚೆಂದದ ದೀಪವನ್ನಿಟ್ಟರೂ ಕಥೆ ಹೆಚ್ಚು ಕಡಿಮೆ ಹಾಗೆಯೇ ನಡೆಯುವುದಾದರೆ, ಲೇಖಕರು ಅದನ್ನು ಮತ್ತೆ ಬರೆಯಬೇಕು. ಪರೀಕ್ಷೆ ತಮಾಷೆಯಾಗಿ ಕಂಡರೂ ಬಹಳಷ್ಟು ಸಂಚಿಕೆಗಳು ಇದರಲ್ಲೇ ಸೋಲುತ್ತವೆ. ಇಬ್ಬರು ಹೆಂಗಸರು ಗಂಡಸಿನ ವಿಷಯವಲ್ಲದ ಮಾತನ್ನು ಆಡುತ್ತಾರೆಯೇ ಎಂದು ಕೇಳುವ, ಆಲಿಸನ್ ಬೆಕ್ಡೆಲ್ 1985ರ ಒಂದು ಚಿತ್ರಪಟ್ಟಿಯಲ್ಲಿ ಬರೆದ ಪರೀಕ್ಷೆ ಹೆಚ್ಚು ಪ್ರಸಿದ್ಧ. ಆದರೆ ಒಬ್ಬನೇ ನಾಯಕನ ಸುತ್ತ ಸುತ್ತುವ ಇಪ್ಪತ್ತು ಚಿಲ್ಲರೆ ಪುಟಗಳ ಒಂದು ಸಂಚಿಕೆಗೆ ಅದನ್ನು ಅನ್ವಯಿಸಿ ತೀರ್ಪು ಕೊಡುವುದು ನನಗೆ ಸರಿಯೆನಿಸುವುದಿಲ್ಲ. ಒಂದು ವರ್ಷದ ಸಂಚಿಕೆಗಳನ್ನು ಒಟ್ಟಿಗೆ ನೋಡುವಾಗ ಅದು ಉಪಯೋಗಕ್ಕೆ ಬರುತ್ತದೆ.

ಮೂರನೆಯದಾಗಿ, ಅವಳಿಗೆ ಕೇಡು ಒದಗುವ ಪುಟಗಳ ಬಳಿ ಹೆಚ್ಚು ಹೊತ್ತು ನಿಲ್ಲಿ. ಈ ಚರ್ಚೆಯ ಅತಿ ಮುಖ್ಯವಾದ ಭಾಗ ಇದೇ. 1994ರ ಗ್ರೀನ್ ಲ್ಯಾಂಟರ್ನ್ 54ನೆಯ ಸಂಚಿಕೆಯಲ್ಲಿ ನಾಯಕ ಕೈಲ್ ರೇನರ್ ಮನೆಗೆ ಮರಳಿದಾಗ, ಅವನ ಗೆಳತಿ ಅಲೆಕ್ಸಾಂಡ್ರಾ ಡಿವಿಟ್‌ಳನ್ನು ಖಳನಾಯಕ ಕೊಂದು ಫ್ರಿಜ್ಜಿನೊಳಗೆ ತುರುಕಿರುವುದು ಕಾಣುತ್ತದೆ. ಅವಳು ಆ ಕಥಾಸರಣಿಗೆ ಬಂದು ಕೆಲವೇ ತಿಂಗಳಾಗಿತ್ತು. 1999ರಲ್ಲಿ ಗೇಲ್ ಸಿಮೋನ್, ಹೀಗೆ ಕೊಲೆಯಾದ, ಅತ್ಯಾಚಾರಕ್ಕೊಳಗಾದ, ಶಕ್ತಿ ಕಳೆದುಕೊಂಡ ಹೆಣ್ಣುಪಾತ್ರಗಳ ಉದ್ದನೆಯ ಪಟ್ಟಿಯೊಂದನ್ನು ಆ ಫ್ರಿಜ್ಜಿನ ಹೆಸರಿನಲ್ಲೇ ಪ್ರಕಟಿಸಿದರು; ಆಮೇಲೆ ಅವರೇ ಈ ಉದ್ಯಮದ ಪ್ರಮುಖ ಲೇಖಕಿಯಾದರು. ಸಾವಿನ ದೃಶ್ಯ ಸಿಕ್ಕಿದ ತಕ್ಷಣ ಅದನ್ನು ಈ ಪಟ್ಟಿಗೆ ಸೇರಿಸಬೇಕಾಗಿಲ್ಲ. ಸಾವಿನ ನಂತರದ ಪುಟಗಳಲ್ಲಿ ಯಾರ ಮುಖ ತುಂಬಿದೆ, ಅವಳಿಗೆ ಆ ಮೊದಲು ತನ್ನದೇ ಆದ ಕೆಲಸ, ಗೆಳೆತನ, ಹಟ ಯಾವುದಾದರೂ ಇತ್ತೇ, ಕೊಲೆಗಾರನಿಗೆ ದ್ವೇಷವಿದ್ದದ್ದು ಅವಳ ಮೇಲೋ ಅವಳ ಗಂಡಿನ ಮೇಲೋ ಎಂಬ ಮೂರನ್ನು ಕೇಳಿಕೊಂಡರೆ ಚಿತ್ರ ಸ್ಪಷ್ಟವಾಗುತ್ತದೆ. 1973ರಲ್ಲಿ ಸ್ಪೈಡರ್-ಮ್ಯಾನ್ ಕಥೆಯಲ್ಲಿ ಸತ್ತ ಗ್ವೆನ್ ಸ್ಟೇಸಿಯ ವಿಷಯದಲ್ಲಿ ಎರಡನೆಯ ಪ್ರಶ್ನೆಗೆ ‘ಇತ್ತು’ ಎಂಬ ಉತ್ತರ ಬರುತ್ತದೆ. ಓದುಗರು ಅವಳನ್ನು ವರ್ಷಗಳಿಂದ ಬಲ್ಲವರಾಗಿದ್ದರು. ಮೂರನೆಯ ಪ್ರಶ್ನೆಗೆ ಬರುವ ಉತ್ತರ ಮಾತ್ರ ಅಲೆಕ್ಸಾಂಡ್ರಾಳದ್ದೇ.

ಗಂಡು ನಾಯಕರೂ ಸಾಯುತ್ತಾರಲ್ಲ ಎಂಬ ಆಕ್ಷೇಪ ಇಲ್ಲಿ ಬಂದೇ ಬರುತ್ತದೆ, ಮತ್ತು ಅದು ನ್ಯಾಯವಾದ ಆಕ್ಷೇಪ. ಅದಕ್ಕೆ ಉತ್ತರಿಸಲು ಆಮೇಲೆ ಏನಾಯಿತು ಎಂಬುದನ್ನು ಹೋಲಿಸಬೇಕು. 1992ರಲ್ಲಿ ಸತ್ತ ಸೂಪರ್‌ಮ್ಯಾನ್ 1993ರಲ್ಲಿ ಮರಳಿದ. 1993ರಲ್ಲಿ ಬೇನ್ ಎಂಬ ಖಳ ಬ್ಯಾಟ್‌ಮ್ಯಾನ್‌ನ ಬೆನ್ನು ಮುರಿದ, ಆದರೆ ಅವನೂ ಬೇಗನೆ ಎದ್ದು ನಿಂತು ತನ್ನ ಸ್ಥಾನಕ್ಕೆ ಬಂದ. ಇಬ್ಬರ ಪತನವೂ ಅವರವರ ಕಥೆಯೇ ಆಗಿತ್ತು. ಬ್ಯಾಟ್‌ಗರ್ಲ್ ಆಗಿದ್ದ ಬಾರ್ಬರಾ ಗಾರ್ಡನ್‌ಳನ್ನು 1988ರಲ್ಲಿ ಜೋಕರ್ ಗುಂಡಿಕ್ಕಿ ಊನಗೊಳಿಸಿದ್ದು ಅವಳ ತಂದೆಯ ಮನಸ್ಸನ್ನು ಮುರಿಯಲು. ಕಥೆಯ ಕೊನೆಗೆ ಎದುರುಬದುರು ನಿಲ್ಲುವವರು ಜೋಕರ್ ಮತ್ತು ಬ್ಯಾಟ್‌ಮ್ಯಾನ್. ಅವಳು 2011ರವರೆಗೂ ಗಾಲಿಕುರ್ಚಿಯಲ್ಲೇ ಇದ್ದಳು. ಲೆಕ್ಕ ಇಷ್ಟಕ್ಕೇ ಮುಗಿದಿದ್ದರೆ ಸುಲಭವಾಗುತ್ತಿತ್ತು. ಆದರೆ 1989ರಲ್ಲಿ ಜಾನ್ ಓಸ್ಟ್ರಾಂಡರ್ ಮತ್ತು ಕಿಮ್ ಯೇಲ್ ದಂಪತಿ ಅವಳಿಗೆ ‘ಓರಾಕಲ್’ ಎಂಬ ಹೊಸ ರೂಪ ಕೊಟ್ಟರು. ಕಂಪ್ಯೂಟರ್ ಮತ್ತು ಮಾಹಿತಿಯ ಬಲದಿಂದ ಅವಳು ಇತರ ನಾಯಕರೆಲ್ಲ ಆಶ್ರಯಿಸುವ ವ್ಯಕ್ತಿಯಾದಳು. 2011ರಲ್ಲಿ ಅವಳನ್ನು ಮತ್ತೆ ನಡೆಯುವಂತೆ ಮಾಡಿ ಬ್ಯಾಟ್‌ಗರ್ಲ್ ವೇಷ ತೊಡಿಸಿದಾಗ, ಅಂಗವಿಕಲರನ್ನು ಗೌರವದಿಂದ ಚಿತ್ರಿಸಿದ ಅಪರೂಪದ ಪಾತ್ರವೊಂದು ಕೈತಪ್ಪಿತೆಂದು ಅನೇಕರು ಬೇಸರಪಟ್ಟರು. ಕೆಟ್ಟ ಉದ್ದೇಶದ ಒಂದು ದೃಶ್ಯದಿಂದ ಒಳ್ಳೆಯ ಪಾತ್ರ ಹುಟ್ಟಬಹುದು ಎಂಬುದನ್ನು ನಿಮ್ಮ ಟಿಪ್ಪಣಿಯಲ್ಲಿ ಬರೆದುಕೊಳ್ಳಿ, ಆದರೆ ಅದರಿಂದ ಆ ದೃಶ್ಯದ ಮೇಲಿನ ಟೀಕೆ ರದ್ದಾಗುವುದಿಲ್ಲ.

ಅಪಾರ ಶಕ್ತಿ ಪಡೆದ ಹೆಣ್ಣು ಬುದ್ಧಿಯ ಹಿಡಿತ ಕಳೆದುಕೊಳ್ಳುವ ಕಥೆಗಳನ್ನೂ ಗಮನಿಸಬಹುದು. 1980ರ ಎಕ್ಸ್-ಮೆನ್ ಕಥೆಯ ಜೀನ್ ಗ್ರೇ, 2005ರ ಕಥೆಯಲ್ಲಿ ಅವೆಂಜರ್ಸ್ ತಂಡದ ಸ್ಕಾರ್ಲೆಟ್ ವಿಚ್ ಇದಕ್ಕೆ ಎದ್ದು ಕಾಣುವ ಉದಾಹರಣೆಗಳು. ಒಂದೊಂದೂ ಬಿಡಿಯಾಗಿ ಒಳ್ಳೆಯ ಕಥೆಯೇ ಇರಬಹುದು. ಒಂದೇ ಜಾಡು ಮರುಕಳಿಸಿದಾಗ ಮಾತ್ರ ಆಕ್ಷೇಪಕ್ಕೆ ಬಲ ಬರುತ್ತದೆ.

ಇನ್ನು ಚಿತ್ರಕ್ಕೆ ಬರೋಣ. ಇಲ್ಲಿ ಮೈ ಎಷ್ಟು ಕಾಣುತ್ತಿದೆ ಎನ್ನುವುದಕ್ಕಿಂತ ನಮ್ಮ ಕಣ್ಣನ್ನು ಎಲ್ಲಿ ನಿಲ್ಲಿಸಲಾಗಿದೆ ಎಂಬುದು ಮುಖ್ಯ. ಅವಳು ಗಂಭೀರವಾದ ಮಾತಾಡುತ್ತಿರುವ ಚೌಕಟ್ಟಿನಲ್ಲಿ ಅವಳ ಮುಖವಿದೆಯೇ, ಅಥವಾ ಕತ್ತಿನ ಮೇಲೆ ಕತ್ತರಿಸಿ ಎದೆಯನ್ನೋ ಹಿಂಭಾಗವನ್ನೋ ತೋರಿಸಲಾಗಿದೆಯೇ ಎಂದು ನೋಡಿ. ಅದೇ ಪುಟದ ಗಂಡುಪಾತ್ರವನ್ನೂ ಹಾಗೆಯೇ ಕತ್ತರಿಸಿದ್ದಾರೆಯೇ ಎಂಬುದನ್ನೂ ನೋಡಿ. ಆಮೇಲೆ ನಿಲುವನ್ನು ಗಮನಿಸಿ: ಓದುಗರಿಗೆ ಎದೆ ಮತ್ತು ಪೃಷ್ಠ ಎರಡೂ ಏಕಕಾಲಕ್ಕೆ ಕಾಣುವಂತೆ ಸೊಂಟವನ್ನು ತಿರುಚಿದ ಭಂಗಿ ಈ ಪ್ರಕಾರದಲ್ಲಿ ಎಷ್ಟು ಸಾಮಾನ್ಯವೆಂದರೆ ಬೆನ್ನುಮೂಳೆಯೇ ಇಲ್ಲದ ಭಂಗಿ ಎಂದು ಅಭಿಮಾನಿಗಳೇ ಅದನ್ನು ಹಾಸ್ಯ ಮಾಡುತ್ತಾರೆ. ಸಂದೇಹವಿದ್ದರೆ ನೀವೇ ಆ ಭಂಗಿಯಲ್ಲಿ ನಿಲ್ಲಲು ಪ್ರಯತ್ನಿಸಿ. ಬಾಗಿಲು ಹಾಕಿಕೊಂಡು ಮಾಡುವುದು ಒಳ್ಳೆಯದು. ಇನ್ನೂ ಒಳ್ಳೆಯ ವಿಧಾನವೊಂದನ್ನು 2012ರಲ್ಲಿ ಹಲವು ಕಲಾವಿದರು ಬಳಕೆಗೆ ತಂದರು. ಮುಖಪುಟಗಳಲ್ಲಿ ನಾಯಕಿಯರಿಗೆ ಕೊಟ್ಟಿದ್ದ ಭಂಗಿಗಳನ್ನೇ ಅವರು ಬಿಲ್ಲುಗಾರ ನಾಯಕ ಹಾಕ್‌ಐಗೆ ಕೊಟ್ಟು ಚಿತ್ರಿಸಿದರು. ಗಂಡು ದೇಹವೂ ಉತ್ಪ್ರೇಕ್ಷೆಗೊಂಡದ್ದೇ ಎಂಬ ವಾದಕ್ಕೆ ಉತ್ತರ ಆ ಚಿತ್ರಗಳಲ್ಲಿದೆ. ಗಂಡಿನ ತೋಳನ್ನು ಹಿಗ್ಗಿಸುವುದು ಓದುವ ಹುಡುಗ ತಾನೂ ಹಾಗಾಗಬೇಕೆಂದು ಬಯಸಲಿ ಎಂದು. ಹೆಣ್ಣಿನ ಸೊಂಟವನ್ನು ತಿರುಚುವುದು ಅದೇ ಹುಡುಗ ನೋಡಲಿ ಎಂದು. ಎರಡೂ ಉತ್ಪ್ರೇಕ್ಷೆಗಳೇ ಆದರೂ ಅವು ಮಾಡುವ ಕೆಲಸ ಒಂದೇ ಅಲ್ಲ.

ಮುಖಪುಟವನ್ನು ಒಳಪುಟಗಳಿಂದ ಬೇರ್ಪಡಿಸಿ ಪರಿಶೀಲಿಸಬೇಕು. 2014ರಲ್ಲಿ ಸ್ಪೈಡರ್-ವುಮನ್‌ನ ಮೊದಲ ಸಂಚಿಕೆಗೆ ಇಟಲಿಯ ಮಿಲೋ ಮನಾರಾ ಬರೆದ ಪರ್ಯಾಯ ಮುಖಪುಟ ಅದರಲ್ಲಿನ ನಾಯಕಿಯ ಭಂಗಿಯಿಂದಾಗಿ ಭಾರಿ ವಿವಾದಕ್ಕೆ ಗುರಿಯಾಯಿತು. ಮನಾರಾ ದಶಕಗಳಿಂದ ಶೃಂಗಾರ ಚಿತ್ರಕಥೆಗಳಿಗೇ ಹೆಸರಾದವರು. ಆದ್ದರಿಂದ ಹೀಗೇಕೆ ಬರೆದಿರಿ ಎಂದು ಅವರನ್ನು ಕೇಳುವುದಕ್ಕಿಂತ, ಈ ಪಾತ್ರಕ್ಕೆ ಅವರನ್ನೇ ಏಕೆ ಕರೆದಿರಿ ಎಂದು ಸಂಪಾದಕರನ್ನು ಕೇಳುವುದು ಸರಿಯಾದ ಪ್ರಶ್ನೆ. ಅದೇ ಸರಣಿಯ ಲೇಖಕ ಡೆನ್ನಿಸ್ ಹೋಪ್‌ಲೆಸ್ 2015ರ ಕೊನೆಗೆ, ಚಿತ್ರಕಾರ ಹಾವಿಯೆರ್ ರೋಡ್ರಿಗಸ್ ಜೊತೆ, ಹೊಸ ಉಡುಪಿನ ಗರ್ಭಿಣಿ ಸ್ಪೈಡರ್-ವುಮನ್‌ಳ ಕಥೆಯನ್ನು ಬರೆದರು. ವಿವಾದದ ಮುಖಪುಟವನ್ನಷ್ಟೇ ನೋಡಿ ಆ ಪಾತ್ರವನ್ನು ಬಿಟ್ಟವರಿಗೆ ಇದು ತಪ್ಪಿಹೋಯಿತು.

ವೇಷದ ಪ್ರಶ್ನೆಯನ್ನು ಈಗ ಎತ್ತಿಕೊಳ್ಳಬಹುದು. ಮೈ ಮುಚ್ಚಿದರೆ ಗೌರವ ತಾನಾಗಿ ಬರುತ್ತದೆ ಎಂಬ ನಂಬಿಕೆಯನ್ನು ಈ ಉದ್ಯಮ ಒಮ್ಮೆ ಪರೀಕ್ಷಿಸಿ ನೋಡಿದೆ. 1954ರಲ್ಲಿ ಅಮೆರಿಕದ ಪ್ರಕಾಶಕರು ತಮಗೆ ತಾವೇ ವಿಧಿಸಿಕೊಂಡ ಕಾಮಿಕ್ಸ್ ಸಂಹಿತೆಯಲ್ಲಿ, ಹೆಂಗಸರ ದೇಹವನ್ನು ಉತ್ಪ್ರೇಕ್ಷೆಯಿಲ್ಲದೆ ಸಹಜವಾಗಿ ಚಿತ್ರಿಸಬೇಕೆಂಬ ನಿಯಮವಿತ್ತು. ಅದರ ಬೆನ್ನಿಗೇ 1956ರಲ್ಲಿ ಬಂದ ಬ್ಯಾಟ್‌ವುಮನ್ ಮೈತುಂಬ ಉಡುಪು ತೊಟ್ಟಿದ್ದಳು. ಆದರೆ ಅವಳ ಆಯುಧಗಳು ಲಿಪ್‌ಸ್ಟಿಕ್, ಪೌಡರು, ಬಳೆಗಳ ರೂಪದಲ್ಲಿ ಕೈಚೀಲದಲ್ಲಿದ್ದವು, ಮತ್ತು ಅವಳನ್ನು ತಂದ ಮುಖ್ಯ ಉದ್ದೇಶ ಬ್ಯಾಟ್‌ಮ್ಯಾನ್‌ಗೆ ಒಬ್ಬ ಪ್ರೇಯಸಿಯನ್ನು ಒದಗಿಸುವುದಾಗಿತ್ತು. 1961ರಲ್ಲಿ ಆರಂಭವಾದ ಫೆಂಟಾಸ್ಟಿಕ್ ಫೋರ್ ತಂಡದ ಸೂ ಸ್ಟಾರ್ಮ್ ಕೂಡ ಬೇಗನೆ ತಂಡದ ಸಮವಸ್ತ್ರ ತೊಟ್ಟಳು, ಆದರೆ ಅವಳಿಗೆ ಸಿಕ್ಕ ಶಕ್ತಿ ಕಣ್ಣಿಗೆ ಕಾಣದಂತಾಗುವುದು. ಅದೃಶ್ಯ ‘ಹುಡುಗಿ’ ಅದೃಶ್ಯ ‘ಮಹಿಳೆ’ ಎನಿಸಿಕೊಳ್ಳಲು 1985ರವರೆಗೆ ಕಾಯಬೇಕಾಯಿತು. ಆದ್ದರಿಂದ ಬಟ್ಟೆಯ ಅಳತೆಯನ್ನು ಬಿಟ್ಟು, ಈ ಉಡುಪು ಅವಳ ಕೆಲಸಕ್ಕೂ ಸ್ವಭಾವಕ್ಕೂ ಒಪ್ಪುತ್ತದೆಯೇ ಎಂದು ಕೇಳಿ. ಉಡುಪಿಗೆ ಕಥೆಯೊಳಗೆ ಕಾರಣ ಕೊಟ್ಟಿದ್ದರೆ ಆ ಕಾರಣ ಯಾವಾಗ ಹುಟ್ಟಿತು ಎಂಬುದನ್ನು ಪತ್ತೆಮಾಡಿ. ಎದೆಯ ಮೇಲೆ ಕಿಂಡಿಯಿರುವ ಉಡುಪಿನ ಪವರ್ ಗರ್ಲ್ ಬಂದದ್ದು 1976ರಲ್ಲಿ. ಅಲ್ಲಿ ಇಡಬೇಕಾದ ಲಾಂಛನ ತನಗೆ ಹೊಳೆಯಲೇ ಇಲ್ಲ ಎಂಬ ವಿವರಣೆಯನ್ನು ಅವಳ ಬಾಯಲ್ಲಿ ಹೇಳಿಸಿದ್ದು 2005ರಲ್ಲಿ. ಇದಕ್ಕೆ ಪ್ರತಿಯಾಗಿ 2014ರಲ್ಲಿ ಆರಂಭವಾದ ಕಮಲಾ ಖಾನ್‌ಳ ಕಥೆಯನ್ನು ಓದಿ. ಜರ್ಸಿ ಸಿಟಿಯ ಈ ಹುಡುಗಿ ಶಕ್ತಿ ಬಂದ ಕೂಡಲೇ ತನ್ನ ಆರಾಧ್ಯ ನಾಯಕಿ ಕ್ಯಾರಲ್ ಡ್ಯಾನ್ವರ್ಸ್‌ಳ ಹೊಂಬಣ್ಣದ ಕೂದಲನ್ನೂ ಹಳೆಯ ತುಂಡು ವೇಷವನ್ನೂ ತಾಳುತ್ತಾಳೆ, ಮತ್ತು ಬೂಟು ಕಚ್ಚಿ ಉಡುಪು ಕೊರೆದಾಗ ಪೇಚಾಡುತ್ತಾಳೆ. ಲೇಖಕಿ ಜಿ. ವಿಲೋ ವಿಲ್ಸನ್ ಮತ್ತು ಚಿತ್ರಕಾರ ಏಡ್ರಿಯನ್ ಅಲ್ಫೋನಾ ಇಲ್ಲಿ ಇಡೀ ವೇಷದ ವಾದವನ್ನು ಉಪದೇಶವಿಲ್ಲದೆ ಕೆಲವೇ ಚೌಕಟ್ಟುಗಳಲ್ಲಿ ಮುಗಿಸಿದ್ದಾರೆ.

ಯಾರು ಬರೆದರು ಎಂಬುದನ್ನೂ ನೋಡಿ, ಆದರೆ ಅದಕ್ಕೆ ಅತಿಯಾದ ತೂಕ ಕೊಡಬೇಡಿ. 1940ರ ದಶಕದಲ್ಲಿ ಜೋಯ್ ಹಮ್ಮೆಲ್ ಹಲವು ವಂಡರ್ ವುಮನ್ ಕಥೆಗಳನ್ನು ತಮ್ಮ ಹೆಸರಿಲ್ಲದೆ ಬರೆದರು. ವಂಡರ್ ವುಮನ್ ಹೆಸರಿನ ಪುಸ್ತಕವೊಂದನ್ನು ಒಬ್ಬ ಮಹಿಳೆ, ಟ್ರಿನಾ ರಾಬಿನ್ಸ್, ಚಿತ್ರಿಸಿದ್ದು 1986ರಲ್ಲಿ. ಈ ಹಿನ್ನೆಲೆ ಬಹಳಷ್ಟನ್ನು ವಿವರಿಸುತ್ತದೆ, ಆದರೂ ಮುಂದಿರುವ ಪುಟದ ಗುಣದೋಷವನ್ನು ಆ ಪುಟದಲ್ಲೇ ತೋರಿಸಬೇಕು.

ಕೊನೆಗೆ ನಿಮ್ಮ ಅಭಿಪ್ರಾಯವನ್ನು ಬರೆಯುವಾಗ ಸಂಚಿಕೆಯ ಸಂಖ್ಯೆ, ವರ್ಷ, ಲೇಖಕರು, ಚಿತ್ರಕಾರರು ಮತ್ತು ಪುಟವನ್ನು ಹೆಸರಿಸಿ, ಕಥೆಯ ಮೇಲಿನ ದೂರನ್ನು ಚಿತ್ರದ ಮೇಲಿನ ದೂರಿನೊಂದಿಗೆ ಬೆರೆಸದೆ ಹೇಳಿ. ಮುಖಪುಟವನ್ನು ಹಿಂತೆಗೆದುಕೊಳ್ಳಿ ಎಂದು ಕೇಳುವುದು ಬೇರೆ, ಅದು ಕೆಟ್ಟದಾಗಿದೆ ಎಂದು ಹೇಳುವುದು ಬೇರೆ. ಎರಡನೆಯದನ್ನು ಸೆನ್ಸಾರ್ ಎಂದು ಯಾರಾದರೂ ಕರೆದರೆ ಆ ವ್ಯತ್ಯಾಸವನ್ನು ನೆನಪಿಸಿ ಮುಂದೆ ಹೋಗಿ. ಈ ಕ್ರಮವನ್ನು ಅಭ್ಯಾಸ ಮಾಡಲು ಎರಡು ಸಂಚಿಕೆಗಳನ್ನು ಜೊತೆಯಾಗಿ ಓದುವುದು ಅನುಕೂಲ. 1980ರ ಅವೆಂಜರ್ಸ್ 200ನೆಯ ಸಂಚಿಕೆಯಲ್ಲಿ ಮಿಸ್ ಮಾರ್ವೆಲ್, ಅಂದರೆ ಮೇಲೆ ಹೇಳಿದ ಕ್ಯಾರಲ್ ಡ್ಯಾನ್ವರ್ಸ್, ತಾನು ಒಪ್ಪದೆಯೇ ಗರ್ಭ ಧರಿಸುತ್ತಾಳೆ; ಅದಕ್ಕೆ ಕಾರಣನಾದವನು ಯಂತ್ರದ ನೆರವಿನಿಂದ ಅವಳ ಮನಸ್ಸನ್ನು ಬದಲಿಸಿದ್ದನ್ನು ತಾನೇ ಹೇಳಿಕೊಂಡರೂ, ಗೆಳೆಯರೆಲ್ಲ ಅವನ ಜೊತೆಗೇ ಅವಳನ್ನು ಸಂತೋಷದಿಂದ ಕಳುಹಿಸಿಕೊಡುತ್ತಾರೆ. ಇದರ ವಿರುದ್ಧ ಓದುಗರಿಂದ ತೀವ್ರ ಟೀಕೆ ಬಂತು. ಹಿಂದೆ ಅವಳ ಕಥೆಗಳನ್ನು ಬರೆದಿದ್ದ ಕ್ರಿಸ್ ಕ್ಲೇರ್ಮಾಂಟ್ 1981ರ ಅವೆಂಜರ್ಸ್ ವಾರ್ಷಿಕ ಸಂಚಿಕೆಯಲ್ಲಿ ಅವಳನ್ನು ಮರಳಿ ಕರೆತಂದು, ಅದೇ ಗೆಳೆಯರ ಮುಂದೆ ನಿಲ್ಲಿಸಿ, ನಿಮಗೆ ಅನುಮಾನವೂ ಬರಲಿಲ್ಲವೇ ಎಂಬ ಅರ್ಥದಲ್ಲಿ ಅವರನ್ನು ತರಾಟೆಗೆ ತೆಗೆದುಕೊಳ್ಳುವಂತೆ ಮಾಡಿದರು. ಮೊದಲ ಸಂಚಿಕೆಯಲ್ಲಿ ಅವಳ ನಿರ್ಧಾರಗಳನ್ನು ಗುರುತು ಹಾಕುತ್ತ ಹೋಗಿ, ಎರಡನೆಯದರಲ್ಲಿ ಅವಳು ಮಾತಾಡುವ ಚೌಕಟ್ಟುಗಳಲ್ಲಿ ಮುಖ ಯಾರದು ಎಂಬುದನ್ನು ನೋಡಿ.