ಮದ್ದಿನ ಡ್ರಮ್ಮಿನಲ್ಲಿ ಆಮ್ಲ, ಪ್ರತ್ಯಾಮ್ಲ, ಲವಣ

ಲವಣದ ದ್ರಾವಣ ಆಮ್ಲೀಯವೋ ತಟಸ್ಥವೋ ಎಂದು ಕೇಳಿದರೆ ನನ್ನ ಹತ್ತನೆಯ ತರಗತಿಯ ಅರ್ಧ ಮಕ್ಕಳು 'ತಟಸ್ಥ, ಟೀಚರ್' ಎನ್ನುತ್ತಾರೆ. ಅಡುಗೆ ಉಪ್ಪಿನ ಮಟ್ಟಿಗೆ ಅದು ಸರಿ. ಆದರೆ ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆ ಅಡಿಕೆಗೆ ಮದ್ದು ಬಿಡುವ ಮನೆಗಳಲ್ಲಿ ಇನ್ನೊಂದು ಲವಣವಿದೆ: ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್. ಪ್ರಬಲವಾದ ಸಲ್ಫ್ಯೂರಿಕ್ ಆಮ್ಲಕ್ಕೂ ದುರ್ಬಲ ಪ್ರತ್ಯಾಮ್ಲವಾದ ತಾಮ್ರದ ಹೈಡ್ರಾಕ್ಸೈಡಿಗೂ ಹುಟ್ಟಿದ ಕೂಸು ಅದು. ಹಾಗಾಗಿ ಅದರ ನೀರು ಆಮ್ಲೀಯ. ಬಾಯಿಪಾಠ ಮಾಡಿಸುವ ಬದಲು ಇದನ್ನು ಕೈಯಾರೆ ಮಾಡಿಸಿ ನೋಡಿ.

ಮೊದಲು ಸೂಚಕ, ಅಂದರೆ ಆಮ್ಲವೋ ಪ್ರತ್ಯಾಮ್ಲವೋ ಎಂದು ಬಣ್ಣದಿಂದ ತಿಳಿಸುವ ವಸ್ತು. ಅರಿಶಿನವನ್ನು ನೀರಿನಲ್ಲಿ ಕಲಸಿ ಬಿಳಿ ಕಾಗದಕ್ಕೆ ಬಳಿದು, ನೆರಳಿನಲ್ಲಿ ಒಣಗಿಸಿ, ಪಟ್ಟಿಗಳಾಗಿ ಕತ್ತರಿಸಿ. ಪ್ರತ್ಯಾಮ್ಲವಾದ ಸುಣ್ಣ ತಗುಲಿದರೆ ಪಟ್ಟಿ ಕೆಂಪಾಗುತ್ತದೆ. ಆರತಿಯ ಕೆಂಪು ನೀರಿನ ಗುಟ್ಟೂ ಇದೇ. ಆಮ್ಲದಲ್ಲಾದರೋ ಅರಿಶಿನ ಹಳದಿಯಾಗಿಯೇ ಉಳಿಯುವುದರಿಂದ ನೀಲಿ ಲಿಟ್ಮಸ್ ಕಾಗದವೂ ಜೊತೆಗಿರಲಿ. ದಾಸವಾಳದ ರಸ ಇಲ್ಲಿ ಬೇಡ, ತುತ್ತಿನ ನೀಲಿಯಲ್ಲಿ ಅದರ ಬಣ್ಣ ಗುರುತು ಸಿಗುವುದಿಲ್ಲ.

ಒಂದು ಪ್ಲಾಸ್ಟಿಕ್ ಪಾತ್ರೆಯಲ್ಲಿ ಅರ್ಧ ಲೀಟರ್ ನೀರಿಗೆ 10 ಗ್ರಾಂ ತುತ್ತು ಕರಗಿಸಿ. ಕಬ್ಬಿಣ, ಅಲ್ಯೂಮಿನಿಯಂ ಪಾತ್ರೆ ಬಳಸಬಾರದು. ಅಡುಗೆಮನೆಯ ಪಾತ್ರೆಯಂತೂ ಖಂಡಿತ ಬೇಡ, ತುತ್ತು ವಿಷ. ಇನ್ನೊಂದರಲ್ಲಿ 10 ಗ್ರಾಂ ಸುಟ್ಟ ಸುಣ್ಣಕ್ಕೆ ಸ್ವಲ್ಪ ಸ್ವಲ್ಪವೇ ನೀರು ಹಾಕಿ ಅರಳಿಸಿ. ಅದು ಕುದಿಯುವಷ್ಟು ಬಿಸಿಯಾಗಿ ಸಿಡಿಯಬಹುದು. ಕನ್ನಡಕ ಹಾಕಿದ ದೊಡ್ಡವರೇ ಈ ಕೆಲಸ ಮಾಡಬೇಕು. ಆರಿದ ಮೇಲೆ ಅರ್ಧ ಲೀಟರಿಗೆ ಹಿಗ್ಗಿಸಿ ಸೋಸಿ. ಈಗ ಎರಡನ್ನೂ ಪರೀಕ್ಷಿಸಿ: ತುತ್ತಿನಲ್ಲಿ ನೀಲಿ ಲಿಟ್ಮಸ್ ಕೆಂಪಾಗುತ್ತದೆ, ಸುಣ್ಣದಲ್ಲಿ ಅರಿಶಿನದ ಪಟ್ಟಿ ಕೆಂಪಾಗುತ್ತದೆ.

ಕಲಕುತ್ತಾ ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಿರಿ, ಸುಣ್ಣವನ್ನು ತುತ್ತಿಗಲ್ಲ. ಆಕಾಶನೀಲಿ ಗಸಿಯಂಥ ದ್ರವ ಬಂದರೆ ಅಡಿಕೆಗೆ ಬಿಡುವ ಮದ್ದು, ಅಂದರೆ ಶೇಕಡಾ 1ರ ಬೋರ್ಡೋ ದ್ರಾವಣ ಸಿದ್ಧ. 1885ರಲ್ಲಿ ಫ್ರಾನ್ಸಿನ ಸಸ್ಯವಿಜ್ಞಾನಿ ಮಿಲ್ಲಾರ್ಡೆ ದ್ರಾಕ್ಷಿಯ ರೋಗಕ್ಕೆಂದು ಪ್ರಕಟಿಸಿದ ಮದ್ದು ನಮ್ಮ ಅಡಿಕೆಯ ಕೊಳೆರೋಗಕ್ಕೂ ಒದಗಿದೆ. ಒಂದು ಲವಣ, ಒಂದು ಪ್ರತ್ಯಾಮ್ಲ ಸೇರಿ ತಾಮ್ರದ ಹೈಡ್ರಾಕ್ಸೈಡ್ ಮತ್ತು ಕ್ಯಾಲ್ಸಿಯಂ ಸಲ್ಫೇಟ್ ಆದವು ಎಂದು ಶಾಲೆಯ ಮಟ್ಟದಲ್ಲಿ ಬರೆಯಬಹುದು.

ಇಲ್ಲಿ ಒಬ್ಬ ಹುಡುಗ ಕೇಳಿದ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು: 'ಲೆಕ್ಕದ ಪ್ರಕಾರ 10 ಗ್ರಾಂ ತುತ್ತಿಗೆ ಎರಡೂಕಾಲು ಗ್ರಾಂ ಸುಟ್ಟ ಸುಣ್ಣ ಸಾಕಲ್ಲ ಟೀಚರ್?' ಲೆಕ್ಕ ಸರಿಯೇ. ಆದರೆ ಅಂಗಡಿಯ ಸುಣ್ಣ ಶುದ್ಧವಲ್ಲ. ಬಾಯಿ ತೆರೆದಿಟ್ಟ ಚೀಲದಲ್ಲಿ ಅದು ಗಾಳಿಯ ತೇವವನ್ನೂ ಕಾರ್ಬನ್ ಡೈ ಆಕ್ಸೈಡನ್ನೂ ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿಬಿಡುತ್ತದೆ. ನಮ್ಮ ಮನೆಯಲ್ಲಿ ಒಂದು ವರ್ಷ ಹಿಂದಿನ ಸಾಲಿನ ಸುಣ್ಣವನ್ನೇ ಹಾಕಿದರು. ಯಾರೂ ಪರೀಕ್ಷೆ ಮಾಡಲಿಲ್ಲ. ಸುಣ್ಣ ಸಾಲದೆ ಮಿಕ್ಕ ತುತ್ತಿನಿಂದ ಎಳೆಯ ಕಾಯಿಗಳ ಮೇಲೆ ಸುಟ್ಟ ಕಲೆ ಎದ್ದಾಗ ಅಪ್ಪ ತೋಟದ ನಡುವೆ ಸುಮ್ಮನೆ ನಿಂತುಬಿಟ್ಟಿದ್ದರು.

ಆದ್ದರಿಂದ ಈ ಹಂತವನ್ನು ಬಿಡಲೇಬೇಡಿ. ಉಜ್ಜಿ ಬೆಳಗಿದ ಕಬ್ಬಿಣದ ಕತ್ತಿಯನ್ನು (ತುಕ್ಕು ಹಿಡಿಯದ ಸ್ಟೀಲ್ ಆಗದು) ಮದ್ದಿನಲ್ಲಿ ಕೆಲವು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಗಂದು ಲೇಪ ಕಂಡರೆ ಅದು ತಾಮ್ರ. ಕಬ್ಬಿಣ ಅದನ್ನು ತುತ್ತಿನಿಂದ ಹೊರದೂಡಿದೆ. ಸುಣ್ಣ ಸಾಲದು ಎಂದರ್ಥ. ಲೇಪ ಕಾಣದಂತಾಗುವವರೆಗೆ ಸುಣ್ಣದ ತಿಳಿ ಸೇರಿಸಿ, ಆಮೇಲೆ ಅರಿಶಿನದ ಪಟ್ಟಿ ಅದ್ದಿ. ಪಟ್ಟಿ ಕೆಂಪಾಯಿತೆಂದರೆ ಸುಣ್ಣ ಸ್ವಲ್ಪ ಮಿಕ್ಕಿದೆ, ಅಡಿಕೆಗೆ ಅದರಿಂದ ಭಯವಿಲ್ಲ.

ಮನೆಯ ಡ್ರಮ್ಮಿಗೆ ಇದೇ ಪ್ರಮಾಣ: 1 ಕಿಲೋ ತುತ್ತು, 1 ಕಿಲೋ ಸುಣ್ಣ, ಒಟ್ಟು 100 ಲೀಟರ್ ನೀರು. ಕಲಸಿದ ಮದ್ದನ್ನು ಅದೇ ದಿನ ಬಿಟ್ಟು ಮುಗಿಸಬೇಕು. ಸುಣ್ಣದ ಹೊಸ ಚೀಲ ಬಂದಾಗಲೆಲ್ಲ ಕತ್ತಿಯ ಪರೀಕ್ಷೆಯನ್ನು ಮಕ್ಕಳ ಕೈಯಿಂದಲೇ ಮಾಡಿಸಿ.