ಅಟ್ಟದ ಮೇಲಿದ್ದ ಹಳೇ ಸ್ಪೀಕರ್‌ಗಳು ಟಿವಿಗೆ ಬಂದದ್ದು

ಕಳೆದ ಮಳೆಗಾಲದಲ್ಲಿ ಹತ್ತು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ಸಾಗರದ ಹತ್ತಿರ ನಮ್ಮದು ಹಂಚಿನ ಮನೆ. ಅಂಗಳಕ್ಕೆ ತಗಡಿನ ಮಾಡು ಹಾಕಿಸಿದ ಮೇಲೆ ಮಳೆಯ ಸದ್ದು ಮೊದಲಿಗಿಂತ ಜಾಸ್ತಿ. ರಾತ್ರಿ ಊಟ ಆದ ಮೇಲೆ ಅಪ್ಪಯ್ಯ ಟಿವಿಯಲ್ಲಿ ತಾಳಮದ್ದಳೆ ಹಾಕಿಕೊಂಡು ಕೂರುತ್ತಾರೆ. ಎರಡು ನಿಮಿಷಕ್ಕೊಮ್ಮೆ ಅಮ್ಮನ ಕಡೆ ತಿರುಗಿ "ಎಂತ ಹೇಳ್ದ?" ಅನ್ನುತ್ತಿದ್ದರು. ಅಮ್ಮ ಹೇಳುವಷ್ಟರಲ್ಲಿ ಮುಂದಿನ ಮಾತು ದಾಟಿ ಹೋಗಿರುತ್ತಿತ್ತು. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಪದ್ಯ, ಅದರ ಮೇಲೆ ಮಾತು, ಅಷ್ಟೇ. ಆ ಮಾತೇ ಕೇಳದಿದ್ದರೆ ಟಿವಿ ಮುಂದೆ ಕೂತು ಏನು ಬಂತು?

ವಾಲ್ಯೂಮ್ ಏರಿಸಿ ನೋಡಿದೆ. ಸದ್ದು ಜೋರಾಯಿತು, ಮಾತು ಬಿಡಿಸಿಕೊಂಡು ಬರಲಿಲ್ಲ. ಮೊಬೈಲ್ ಟಾರ್ಚ್ ಹಿಡಿದು ಟಿವಿಯ ಅಡಿಗೆ ಬಗ್ಗಿ ನೋಡಿದಾಗ ಕಾರಣ ಗೊತ್ತಾಯಿತು. ಸ್ಪೀಕರ್‌ನ ತೂತುಗಳೆಲ್ಲ ಕೆಳಮುಖವಾಗಿದ್ದವು. ತೆಳ್ಳಗಿನ ಟಿವಿಯಲ್ಲಿ ಮುಂಭಾಗ ಪೂರ್ತಿ ಪರದೆಗೇ ಬೇಕು, ಸ್ಪೀಕರ್‌ಗೆ ಜಾಗ ಎಲ್ಲಿ? ಹಾಗಾಗಿ ದನಿ ಮೊದಲು ಷೋಕೇಸಿನ ಗಾಜಿಗೆ ಬಡಿದು, ಆಮೇಲೆ ಕೆಂಪು ಗಾರೆ ನೆಲಕ್ಕೆ ಬಡಿದು, ಕೊನೆಗೆ ಅಪ್ಪಯ್ಯನ ಕಿವಿಗೆ ಬರುತ್ತಿತ್ತು.

ಇನ್ನೊಂದು ವಿಷಯವೂ ಇದೆ. ವಯಸ್ಸಾದವರಿಗೆ ಕಿವಿ ಮಂದವಾಗುವುದು ಸಾಮಾನ್ಯವಾಗಿ ಮೇಲಿನ ಸ್ವರಗಳಿಂದ ಶುರುವಾಗುತ್ತದೆ. ಸ, ಶ, ತ, ಚ ಇಂಥ ಅಕ್ಷರಗಳ ಗುರುತು ಇರುವುದು ಹೆಚ್ಚಾಗಿ ಸೆಕೆಂಡಿಗೆ 2000 ಕಂಪನ, ಅಂದರೆ 2000 ಹರ್ಟ್ಸ್‌ಗಿಂತ ಮೇಲೆ. ಆ, ಊ, ಓ ಇವೆಲ್ಲ ಕೆಳಗಿನವು, ದೊಡ್ಡದಾಗಿ ಕೇಳುತ್ತವೆ. ಹಾಗಾಗಿ ಅವರಿಗೆ ಯಾರೋ ಮಾತಾಡುತ್ತಿದ್ದಾರೆ ಅಂತ ಚೆನ್ನಾಗಿಯೇ ಗೊತ್ತಾಗುತ್ತದೆ, ಏನು ಮಾತಾಡಿದರು ಅಂತ ತಿಳಿಯುವುದಿಲ್ಲ. ಕೆಳಮುಖದ ಸ್ಪೀಕರ್ ಮೊದಲು ಕಳೆಯುವುದೂ ಈ ಮೇಲಿನ ಸ್ವರಗಳನ್ನೇ. ಯಾಕೆಂದರೆ ಅವು ನೇರವಾಗಿ ಹೋಗುವ ಜಾತಿಯವು, ಎದುರಿಗೆ ಇದ್ದರೆ ಮಾತ್ರ ಸರಿಯಾಗಿ ಮುಟ್ಟುತ್ತವೆ. ನನಗೆ ಬೇಕಾದದ್ದು ದೊಡ್ಡ ಸದ್ದಲ್ಲ, ಅಪ್ಪಯ್ಯನ ಮುಖಕ್ಕೆ ಮುಖ ಕೊಟ್ಟು ನಿಲ್ಲುವ ಸ್ಪೀಕರ್ ಅಂತ ಅವತ್ತೇ ತೀರ್ಮಾನಿಸಿದೆ.

ಮೊದಲು ನನ್ನ ಬ್ಯಾಗಲ್ಲಿದ್ದ ಬ್ಲೂಟೂತ್ ಸ್ಪೀಕರನ್ನೇ ಜೋಡಿಸಿದೆ. ವೈರಿನ ರಗಳೆಯೇ ಇಲ್ಲ ಅಲ್ವಾ? ಆದರೆ ಯಕ್ಷಗಾನ ಹಾಕಿದ ತಕ್ಷಣ ತೊಂದರೆ ಕಣ್ಣಿಗೇ ಬಿತ್ತು. ಚಂಡೆಯ ಕೋಲು ಬಿದ್ದು ಮೇಲೆದ್ದ ಮೇಲೆ ಸದ್ದು ಬರುತ್ತಿತ್ತು. ಬ್ಲೂಟೂತ್ ದನಿಯನ್ನು ಕುಗ್ಗಿಸಿ, ಕಳಿಸಿ, ಆ ಕಡೆ ಮತ್ತೆ ಬಿಚ್ಚಬೇಕು. ಇಷ್ಟಕ್ಕೆ ಸೆಕೆಂಡಿನ ಹತ್ತರಲ್ಲಿ ಒಂದೆರಡು ಪಾಲು ಹೋಗುತ್ತದೆ. ಹಾಡು ಮಾತ್ರ ಕೇಳುವವರಿಗೆ ಅದು ಗೊತ್ತೇ ಆಗುವುದಿಲ್ಲ. ತುಟಿ ನೋಡಿ ಮಾತು ಊಹಿಸುವ ಅಪ್ಪಯ್ಯನಂಥವರಿಗೆ ಮಾತ್ರ ಇದ್ದ ಆಸರೆಯೂ ತಪ್ಪಿದ ಹಾಗೆ. ಅರ್ಧ ಗಂಟೆಗೇ ತೆಗೆದಿಟ್ಟೆ.

ಆಗ ನೆನಪಾದದ್ದು ಅಟ್ಟದ ಮೇಲಿನ ಹಳೇ ಆಂಪ್ಲಿಫೈಯರ್. ಕ್ಯಾಸೆಟ್ ಕಾಲದಲ್ಲಿ ಅಪ್ಪಯ್ಯ ತಂದದ್ದು, ಜೊತೆಗೆ ಮರದ ಪೆಟ್ಟಿಗೆಯ ಎರಡು ಸ್ಪೀಕರ್. ಅಡಿಕೆ ಚೀಲಗಳ ಹಿಂದೆ ಬಟ್ಟೆ ಸುತ್ತಿ ಇಟ್ಟಿದ್ದರು. ಕೆಳಗಿಳಿಸಿ ಮುಂದಿನ ಬಟ್ಟೆಯ ಜಾಲರಿ ತೆಗೆದೆ. ಒಂದರಲ್ಲಿ ಕೋನಿನ ಸುತ್ತ ಇರುವ ಫೋಮಿನ ಅಂಚಿಗೆ ಬೆರಳು ತಾಗಿಸಿದ್ದೇ ತಡ, ಪುಡಿಪುಡಿಯಾಗಿ ಉದುರಿತು. ಇನ್ನೊಂದೂ ಅದೇ ಗತಿ. ನಮ್ಮ ಮಲೆನಾಡಿನ ತೇವಕ್ಕೆ ಫೋಮ್ ಹೆಚ್ಚು ಕಾಲ ಬಾಳುವುದಿಲ್ಲ. ರಬ್ಬರ್ ಅಂಚಿನ ಸ್ಪೀಕರ್ ಆಗಿದ್ದರೆ ಉಳಿಯುತ್ತಿತ್ತೇನೋ. ಆದರೆ ಕಾಗದದ ಕೋನಿಗೆ, ಒಳಗಿನ ಕಾಯಿಲಿಗೆ ಏನೂ ಆಗಿರಲಿಲ್ಲ. ಶಿವಮೊಗ್ಗದ ಒಂದು ರೇಡಿಯೋ ರಿಪೇರಿ ಅಂಗಡಿಗೆ ಒಯ್ದೆ. ಅಳತೆ ನೋಡಿ ಹೊಸ ಫೋಮ್ ಬಳೆ ಅಂಟಿಸಿ ಎರಡು ದಿನದಲ್ಲಿ ಕೊಟ್ಟರು. ಹಳೇ ಸ್ಪೀಕರ್ ಬರೀ ಅಂಚು ಹರಿದಿದೆ ಅಂತ ಎಸೆಯುವವರಿದ್ದಾರೆ. ದಯವಿಟ್ಟು ಎಸೆಯಬೇಡಿ.

ಆಂಪ್ಲಿಫೈಯರ್‌ನ ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತಿತ್ತು. ಪ್ಲಗ್ ಕಿತ್ತು, ಮುಚ್ಚಳ ತೆಗೆದು, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಗುಬುಟನ್ನು ಇಪ್ಪತ್ತು ಸಲ ಆಚೆ ಈಚೆ ತಿರುಗಿಸಿದೆ. ಸರಿಯಾಯಿತು.

ಸ್ಪೀಕರ್ ವೈರಿಗೆ ತುಂಬ ಜನ ಸುಮ್ನೆ ದುಡ್ಡು ಹಾಕುತ್ತಾರೆ. ಮೂರು ನಾಲ್ಕು ಮೀಟರ್ ದೂರಕ್ಕೆ 1 ಚದರ ಮಿಲಿಮೀಟರ್‌ನ ಸಾಮಾನ್ಯ ತಾಮ್ರದ ಜೋಡಿ ವೈರ್ ಧಾರಾಳ ಸಾಕು. ಗಮನ ಕೊಡಬೇಕಾದದ್ದು ಬೇರೆ ಕಡೆ. ತುದಿ ಸುಲಿದ ಮೇಲೆ ಎಳೆಗಳನ್ನು ಬಿಗಿಯಾಗಿ ಹೊಸೆಯಬೇಕು. ಕೆಂಪು ತೂತಿನ ಒಂದೇ ಒಂದು ಎಳೆ ಪಕ್ಕದ ಕಪ್ಪಿಗೆ ತಾಗಿದರೂ ಆಂಪ್ಲಿಫೈಯರ್ ಸುಟ್ಟು ಹೋಗಬಹುದು. ಆಮೇಲೆ ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ, ಎರಡೂ ಕಡೆ ಒಂದೇ ಥರ. ಅವಸರದಲ್ಲಿ ನಾನು ಎಡಗಡೆಯದ್ದನ್ನು ಅದಲುಬದಲು ಮಾಡಿದ್ದೆ. ದನಿ ಬಂತು, ಆದರೆ ಭಾಗವತರು ಎಲ್ಲಿ ಕೂತು ಹಾಡುತ್ತಿದ್ದಾರೆ ಅಂತಲೇ ತಿಳಿಯದು. ತಲೆಯೊಳಗೆಲ್ಲೋ ಹರಡಿಕೊಂಡ ಹಾಗೆ, ಮದ್ದಳೆಗೆ ತೂಕವೇ ಇಲ್ಲ. ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತಿತ್ತು, ಒಂದನ್ನೊಂದು ಕಳೆಯುತ್ತಿದ್ದವು. ಪರೀಕ್ಷೆ ಮಾಡುವುದು ಸುಲಭ. ಆಂಪ್ಲಿಫೈಯರ್‌ನಿಂದ ವೈರ್ ಬಿಡಿಸಿ, ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ಲನ್ನು ಆ ತುದಿಗಳಿಗೆ ಒಂದು ಕ್ಷಣ ಮುಟ್ಟಿಸಿ. ಸೆಲ್ಲಿನ ಪ್ಲಸ್ ಕೆಂಪಿನ ವೈರಿಗೆ ತಾಗಿದಾಗ ಕೋನ್ ಟಪ್ ಅಂತ ಮುಂದೆ ಬರಬೇಕು. ಎರಡೂ ಮುಂದೆ ಬಂದರೆ ಜೋಡಣೆ ಸರಿ ಇದೆ.

ಇನ್ನು ಟಿವಿಯ ಕಡೆ. ಗೋಡೆಗೆ ಅಂಟಿಸಿದ ಟಿವಿಯ ಹಿಂದೆ ಕಣ್ಣು ಹೋಗುವುದಿಲ್ಲ. ಮೊಬೈಲನ್ನು ಸಂದಿಯೊಳಗೆ ತೂರಿಸಿ ವಿಡಿಯೋ ಮಾಡಿ, ಹೊರಗೆ ತೆಗೆದು ಓದಿದೆ. ಹೆಡ್‌ಫೋನ್ ಔಟ್, ಆಪ್ಟಿಕಲ್, ಮೂರು ಎಚ್‌ಡಿಎಂಐ, ಅದರಲ್ಲಿ ಒಂದಕ್ಕೆ ಮಾತ್ರ ಎಆರ್‌ಸಿ ಅಂತ ಬರೆದಿತ್ತು, ಅಂದರೆ ಅದೇ ಕೇಬಲ್ಲಿನಲ್ಲಿ ಟಿವಿಯ ದನಿ ಹೊರಗೂ ಹೋಗುತ್ತದೆ. ಕೆಂಪು, ಬಿಳಿ, ಹಳದಿ ತೂತುಗಳೂ ಇದ್ದವು. ಆದರೆ ಅದು ಎವಿ ಇನ್, ಅಂದರೆ ಒಳಗೆ ಬರುವ ದಾರಿ. ಅದಕ್ಕೆ ವೈರ್ ಸಿಕ್ಕಿಸಿ ದನಿ ಬರಲಿಲ್ಲ ಅಂತ ಒದ್ದಾಡಿದವರನ್ನು ನಾನು ನೋಡಿದ್ದೇನೆ.

ಹೆಡ್‌ಫೋನ್ ತೂತಿನಿಂದ ನೇರವಾಗಿ ಈ ಮರದ ಪೆಟ್ಟಿಗೆಗಳಿಗೆ ಕೊಟ್ಟರೆ ಆಗುವುದಿಲ್ಲವೇ ಅಂತ ತಮ್ಮ ಕೇಳಿದ. ಆಗುವುದಿಲ್ಲ. ಕಿವಿಗೆ ಇಡುವ ಪುಟ್ಟ ಸ್ಪೀಕರ್‌ಗೆ ಸಾಕಾಗುವಷ್ಟು ಶಕ್ತಿ ಮಾತ್ರ ಅಲ್ಲಿರುವುದು. ದೊಡ್ಡ ಕೋನ್ ಅಲ್ಲಾಡಬೇಕಾದರೆ ನಡುವೆ ಆಂಪ್ಲಿಫೈಯರ್ ಬೇಕೇ ಬೇಕು. ಹಾಗೆ ಒಂದು ಕಡೆ 3.5 ಮಿಲಿಮೀಟರ್ ಪಿನ್, ಇನ್ನೊಂದು ಕಡೆ ಕೆಂಪು ಬಿಳಿ ಪಿನ್ನುಗಳಿರುವ ವೈರ್ ತಂದು ಆಂಪ್ಲಿಫೈಯರ್‌ನ ಆಕ್ಸ್‌ಗೆ, ಅಂದರೆ ಹೊರಗಿನ ದನಿ ತೆಗೆದುಕೊಳ್ಳುವ ತೂತಿಗೆ, ಹಾಕಿದೆ. ಮಾತು ಎದುರಿಗೇ ಬಂತು! ಅಪ್ಪಯ್ಯ ಬೆನ್ನು ನೆಟ್ಟಗೆ ಮಾಡಿ ಕೂತರು.

ಆದರೆ ಮಾತಿನ ಹಿಂದೆ ಒಂದು ಗುಂಯ್ ಸದ್ದು. ಟಿವಿ ಮ್ಯೂಟ್ ಮಾಡಿದರೂ ಅದು ಹೋಗದು. ನಮ್ಮ ಕರೆಂಟಿನ 50 ಹರ್ಟ್ಸ್ ಅದು. ಒಂದೊಂದೇ ವೈರ್ ಕಿತ್ತು ನೋಡುತ್ತ ಬಂದೆ. ಸೆಟ್‌ಟಾಪ್ ಬಾಕ್ಸಿನ ಹಿಂದಿನಿಂದ ಡಿಶ್ ಕೇಬಲ್ ಬಿಚ್ಚಿದ ತಕ್ಷಣ ಮನೆ ನಿಶ್ಶಬ್ದವಾಯಿತು. ಡಿಶ್‌ನ ಕಂಬ ಹಿತ್ತಲಲ್ಲಿ ನೆಲಕ್ಕೆ ತಾಗಿದೆ. ಆಂಪ್ಲಿಫೈಯರ್ ಮನೆಯ ಅರ್ತಿಂಗಿಗೆ ಸೇರಿದೆ. ಎರಡು ಕಡೆಯ ನೆಲದ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ ಇದ್ದೇ ಇರುತ್ತದೆ. ಅದರಿಂದ ಹುಟ್ಟಿದ ಕರೆಂಟ್ ಆಡಿಯೋ ವೈರಿನ ಮೂಲಕ ಸುತ್ತು ಹೊಡೆಯುತ್ತಿತ್ತು.

ಇಲ್ಲೊಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಗುಂಯ್ ಹೋಗಲಿ ಅಂತ ಪ್ಲಗ್ಗಿನ ಮೇಲಿನ ದಪ್ಪ ಪಿನ್, ಅಂದರೆ ಅರ್ತಿಂಗ್ ಪಿನ್, ಮುರಿಯುವವರಿದ್ದಾರೆ. ಸದ್ದು ಹೋಗುತ್ತದೆ ನಿಜ. ಆದರೆ ಮುಂದೆ ಯಾವತ್ತಾದರೂ ಒಳಗಿನ ವೈರ್ ಸಡಿಲಾಗಿ ಆಂಪ್ಲಿಫೈಯರ್ ಪೆಟ್ಟಿಗೆಯ ತಗಡಿಗೆ ತಾಗಿದರೆ, ಒದ್ದೆ ಕೈಯಲ್ಲಿ ಮುಟ್ಟಿದವರ ಜೀವವೇ ಹೋಗಬಹುದು. ಅದನ್ನು ಯಾವ ಕಾರಣಕ್ಕೂ ಮಾಡಬೇಡಿ.

ಸರಿಯಾದ ದಾರಿ ಆಪ್ಟಿಕಲ್. ಅದರಲ್ಲಿ ಹೋಗುವುದು ಬೆಳಕು, ಕರೆಂಟ್ ಅಲ್ಲ. ಹಾಗಾಗಿ ಟಿವಿಗೂ ಆಂಪ್ಲಿಫೈಯರ್‌ಗೂ ನೆಲದ ನಂಟೇ ಕಡಿಯುತ್ತದೆ. ಆದರೆ ಹಳೇ ಆಂಪ್ಲಿಫೈಯರ್‌ಗೆ ಬೆಳಕಿನ ಭಾಷೆ ಅರ್ಥವಾಗುವುದಿಲ್ಲ. ಬೆಳಕಿನಲ್ಲಿ ಬಂದ ದನಿಯನ್ನು ಅದಕ್ಕೆ ತಿಳಿಯುವ ಹಾಗೆ ಬದಲಿಸಲು ನಡುವೆ ಡ್ಯಾಕ್ ಅನ್ನುವ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ ಬೇಕು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿರುವ ಗೆಳೆಯನಿಗೆ ಫೋನ್ ಮಾಡಿದೆ, ಕೇಬಲ್ ಸಮೇತ ಬಸ್ಸಿಗೆ ಹಾಕಿ ಕಳಿಸಿದ. ಸಾವಿರ ರೂಪಾಯಿಯೊಳಗೆ ಮುಗಿಯಿತು.

ಕೇಬಲ್ಲಿನ ತುದಿಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಟೋಪಿ ಇರುತ್ತದೆ. ಕಾಣುವುದೇ ಇಲ್ಲ, ಅದನ್ನು ತೆಗೆಯದೆ ಒತ್ತಿದರೆ ಕೂರುವುದಿಲ್ಲ. ತೆಗೆದು ಟಿವಿಗೆ ಸಿಕ್ಕಿಸಿದರೆ ಇನ್ನೊಂದು ತುದಿಯಲ್ಲಿ ಕೆಂಪು ಚುಕ್ಕೆ ಬೆಳಗುತ್ತದೆ. ಅದು ಕಂಡರೆ ಟಿವಿ ದನಿ ಕಳಿಸುತ್ತಿದೆ ಅಂತ ಲೆಕ್ಕ.

ಜೋಡಿಸಿದೆ. ಸುದ್ದಿ ಚಾನೆಲ್ಲಿಗೆ ದನಿ ಬಂತು, ಸಿನಿಮಾ ಹಾಕಿದರೆ ಇಲ್ಲ. ಸಿನಿಮಾದ ದನಿ ಡಾಲ್ಬಿ ಅನ್ನುವ ಕುಗ್ಗಿಸಿದ ರೂಪದಲ್ಲಿ ಬರುತ್ತಿತ್ತು, ಈ ಡಬ್ಬಿಗೆ ಅದನ್ನು ಬಿಡಿಸಲು ಬಾರದು. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ 'ಆಟೋ' ಇದ್ದದ್ದನ್ನು 'ಪಿಸಿಎಂ', ಅಂದರೆ ಕುಗ್ಗಿಸದ ಸಾದಾ ರೂಪ, ಮಾಡಿದೆ. ಎಲ್ಲದಕ್ಕೂ ದನಿ ಬಂತು.

ಆದರೆ ಗುಂಯ್ ಇನ್ನೂ ಇತ್ತು! ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಕಿನಲ್ಲಿ ಕರೆಂಟ್ ಹೇಗೆ ದಾಟಿತು? ಬೆಳಿಗ್ಗೆ ಕಾಫಿ ಕುಡಿಯುತ್ತ ಡಬ್ಬಿಯನ್ನೇ ನೋಡುತ್ತಿದ್ದಾಗ ಹೊಳೆಯಿತು. ಡ್ಯಾಕ್‌ಗೆ ಬೇಕಾದ 5 ವೋಲ್ಟನ್ನು ಟಿವಿಯ ಯುಎಸ್‌ಬಿಯಿಂದಲೇ ಕೊಟ್ಟಿದ್ದೆ. ಮುಂಬಾಗಿಲಲ್ಲಿ ಕಡಿದ ನಂಟು ಹಿಂಬಾಗಿಲಲ್ಲಿ ಮತ್ತೆ ಸೇರಿತ್ತು. ಅಮ್ಮನ ಹಳೇ ಮೊಬೈಲ್ ಚಾರ್ಜರ್ ಹಾಕಿದೆ. ಸ್ಪೀಕರ್‌ಗೆ ಕಿವಿ ತಾಗಿಸಿದರೂ ಏನೂ ಕೇಳಲಿಲ್ಲ. ಎಷ್ಟು ಖುಷಿಯಾಯಿತು ಅಂತ ಹೇಳಲಾರೆ. ಗುಡುಗು ಬಂದಾಗ ಪ್ಲಗ್ಗು, ಡಿಶ್ ಕೇಬಲ್ಲು ಎಲ್ಲ ಕೀಳುವ ಪದ್ಧತಿಯನ್ನು ಮಾತ್ರ ಬಿಟ್ಟಿಲ್ಲ. ಸಿಡಿಲಿಗೆ ಬೇರೆ ಯಾವ ಉಪಾಯವನ್ನೂ ನಂಬುವ ಹಾಗಿಲ್ಲ.

ನಮ್ಮ ಟಿವಿಯಲ್ಲಿ ಆಪ್ಟಿಕಲ್ ದನಿ ಒಂದೇ ಮಟ್ಟದಲ್ಲಿ ಬರುತ್ತದೆ, ಟಿವಿ ರಿಮೋಟಿಗೆ ಜಗ್ಗುವುದಿಲ್ಲ. ಸೆಟ್‌ಟಾಪ್ ಬಾಕ್ಸಿನ ರಿಮೋಟ್ ಕೆಲಸ ಮಾಡುತ್ತದೆ, ದಿನಕ್ಕೆ ಅದೇ ಸಾಕು. ಆಂಪ್ಲಿಫೈಯರ್‌ನ ಗುಬುಟು ಎಲ್ಲಿಗೆ ನಿಲ್ಲಬೇಕು ಅಂತ ಗುರುತಿಗೆ ಅಮ್ಮ ತನ್ನ ಹಣೆಯ ಬಿಂದಿಯನ್ನೇ ತೆಗೆದು ಅಂಟಿಸಿದಳು. ಹೊಸದಾಗಿ ಸೌಂಡ್‌ಬಾರ್ ಕೊಳ್ಳುವವರಿಗೆ ಈ ಕಷ್ಟ ಇಲ್ಲ. 2009ರಲ್ಲಿ ಎಚ್‌ಡಿಎಂಐ 1.4ರ ಜೊತೆ ಬಂದ ಎಆರ್‌ಸಿ ಬಳಸಿದರೆ ಒಂದೇ ಕೇಬಲ್, ಒಂದೇ ರಿಮೋಟ್. ಟಿವಿ ಸೆಟ್ಟಿಂಗ್‌ನಲ್ಲಿ ಒಂದೇ ರಿಮೋಟಿಗೆ ಎರಡನ್ನೂ ಜಗ್ಗಿಸುವ ಸಿಇಸಿ ಆನ್ ಮಾಡಬೇಕು ಅಷ್ಟೇ. ಸ್ಯಾಮ್‌ಸಂಗ್‌ನಲ್ಲಿ ಅದಕ್ಕೆ ಎನಿನೆಟ್ ಪ್ಲಸ್ ಅಂತ ಹೆಸರು, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್.

ವಾಟ್ ಲೆಕ್ಕಕ್ಕೆ ಮರುಳಾಗಬೇಡಿ. ಪೆಟ್ಟಿಗೆಯ ಮೇಲೆ ಸಾವಿರಗಟ್ಟಲೆ ಪಿಎಂಪಿಒ, ಅಂದರೆ ಉಬ್ಬಿಸಿ ಹೇಳುವ ಕ್ಷಣಮಾತ್ರದ ವಾಟ್, ಬರೆದಿದ್ದರೆ ಅದನ್ನು ಓದಲೇ ಬೇಡಿ, ಆರ್‌ಎಂಎಸ್, ಅಂದರೆ ಸತತವಾಗಿ ಕೊಡುವ ವಾಟ್, ಎಷ್ಟು ಅಂತ ಕೇಳಿ. ವಾಟ್ ಎರಡು ಪಟ್ಟಾದರೆ ಸದ್ದು ಏರುವುದು ಬರೀ 3 ಡೆಸಿಬೆಲ್. ಮನೆಯ ಹಜಾರದಲ್ಲಿ ಮಾತು ಕೇಳಲು ಒಂದೆರಡು ವಾಟ್ ಸಾಕಾಗುತ್ತದೆ.

ಕೊನೆಯ ಎರಡು ದಿನ ನಾನು ಮಾಡಿದ್ದು ಬರೀ ಜಾಗ ಹುಡುಕುವ ಕೆಲಸ. ಷೋಕೇಸಿನ ತಲೆ ಮೇಲಿಟ್ಟಿದ್ದ ಸ್ಪೀಕರ್‌ಗಳನ್ನು ಕೆಳಗಿಳಿಸಿ, ಎರಡು ಮರದ ಸ್ಟೂಲಿನ ಮೇಲೆ, ಕುರ್ಚಿಯಲ್ಲಿ ಕೂತ ಅಪ್ಪಯ್ಯನ ಕಿವಿಯ ಎತ್ತರಕ್ಕೆ ಇಟ್ಟೆ. ಗೋಡೆಯಿಂದ ಒಂದು ಅಡಿ ಮುಂದೆ. ಮೂಲೆಗೆ ಒತ್ತಿದರೆ ಬಾಸ್ ಉಬ್ಬಿ ಮಾತನ್ನು ಮುಚ್ಚುತ್ತದೆ. ಬಾಸ್ ಗುಬುಟನ್ನು ಕಾಲುಭಾಗ ಇಳಿಸಿದೆ, ಟ್ರೆಬಲ್ ಸ್ವಲ್ಪ ಏರಿಸಿದೆ. ತಮ್ಮನಿಗೆ ಬಾಸ್ ಕಡಿಮೆಯಾದದ್ದು ಇಷ್ಟವಾಗಲಿಲ್ಲ. ಇದು ಅಪ್ಪಯ್ಯನ ಕಿವಿಗೆ ಮಾಡಿದ್ದು ಕಣೋ ಅಂದೆ. ಗಾರೆ ನೆಲದ ಮೇಲೆ, ಸ್ಪೀಕರ್‌ಗೂ ಕುರ್ಚಿಗೂ ನಡುವೆ, ಅಮ್ಮನ ಹಳೇ ಜಮಖಾನ ಹಾಸಿದೆ. ಸದ್ದು ಇನ್ನಷ್ಟು ತಿಳಿಯಾಯಿತು.

ನಾನು ಹೊರಡುವ ಹಿಂದಿನ ರಾತ್ರಿ ಜಡಿಮಳೆ. ತಾಳಮದ್ದಳೆ ನಡೆಯುತ್ತಿತ್ತು, ಅಪ್ಪಯ್ಯ ಒಂದು ಸಲವೂ ಅಮ್ಮನ ಕಡೆ ತಿರುಗಲಿಲ್ಲ. ಪ್ರಸಂಗದ ನಡುವೆ ಕೈ ಎತ್ತಿ ನನ್ನನ್ನು ಕರೆದರು. "ಆ ಬಲಗಡೆ ಪೆಟ್ಟಿಗೆ ಸ್ವಲ್ಪ ಈ ಕಡೆ ತಿರುಗ್ಸು ಮಾರಾಯ, ಮದ್ದಳೆ ಆಚೆ ಹೋಯ್ತು" ಅಂದರು. ಎದ್ದು ಎರಡು ಬೆರಳಷ್ಟು ತಿರುಗಿಸಿದೆ. "ಹಾಂ, ಈಗ ಬಂತು" ಅಂದು ಮತ್ತೆ ಟಿವಿ ಕಡೆ ನೋಡಿದರು.