ಹವಳದ ಪಳೆಯುಳಿಕೆಯಿಂದ ಅಸಿಟೇಟ್ ಪೀಲ್ ತೆಗೆಯುವುದು, ಓದುವುದು

ಆಸಿಡ್ ಕೆತ್ತಿದ ಕಲ್ಲಿನ ಮುಖದ ಅಚ್ಚನ್ನು ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ತೆಗೆಯುವುದಕ್ಕೆ ಅಸಿಟೇಟ್ ಪೀಲ್ ಎನ್ನುತ್ತಾರೆ. ಇದಕ್ಕಾಗಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಹೊಲಗಳಲ್ಲಿ ಹವಳದ ಪಳೆಯುಳಿಕೆ ಹುಡುಕಬೇಡಿ, ಸಿಗುವುದಿಲ್ಲ. ಇಲ್ಲಿನ ಗ್ರಾನೈಟ್, ನೈಸ್ ಬಂಡೆಗಳು ಬಹುಪಾಲು 250 ಕೋಟಿ ವರ್ಷಕ್ಕೂ ಹಳೆಯವು. ಹವಳದ ದಾಖಲೆ 54 ಕೋಟಿ ವರ್ಷಕ್ಕಿಂತ ಹಿಂದೆ ಹೋಗುವುದಿಲ್ಲ. ಆಸಿಡ್ ಬಿಟ್ಟರೆ ನೊರೆಯುಕ್ಕುವ ಬಿಳಿ ಗಂಟುಗಳು ಸಿಕ್ಕರೆ ಅವು ಮಣ್ಣಿನಲ್ಲೇ ಕಟ್ಟಿಕೊಂಡ ಸುಣ್ಣದ ಹರಳು. ನೊರೆ ಬಂದರೆ ಸುಣ್ಣವಿದೆ ಎಂದಷ್ಟೇ ಅರ್ಥ. ಹಳೆಯ ಕಡಲಿನ ಗುರುತೇ ಬೇಕೆಂದರೆ ಗುಬ್ಬಿ ತಾಲ್ಲೂಕಿನ ದೊಡ್ಡಗುಣಿಯಲ್ಲಿ ಸ್ಟ್ರೊಮ್ಯಾಟೊಲೈಟ್ ಇದೆ. ಅದು ಸೂಕ್ಷ್ಮಜೀವಿಗಳ ಪದರ, ಹವಳವಲ್ಲ.

ಮಾದರಿಯನ್ನು ಕಾಲೇಜಿನ ಭೂವಿಜ್ಞಾನ ವಿಭಾಗದಲ್ಲಿ ಕೇಳಿ. ರಾಮೇಶ್ವರದ ದಡದಿಂದ ಹವಳ ಆರಿಸಿ ತರಬೇಡಿ: ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ.

ಕೊಯ್ಯುವುದಕ್ಕೆ ನಮ್ಮ ಕಡೆ ಗ್ರಾನೈಟ್ ಅಂಗಡಿಗಳಿಗೆ ಬರವಿಲ್ಲ. ಒಂದು ಕೊಯ್ತ ಅಡ್ಡಕ್ಕೆ, ಒಂದು ಉದ್ದಕ್ಕೆ ಹಾಕಿಸಿ. ಕಲ್ಲಿನ ಮೇಲ್ಭಾಗ ಗೊತ್ತಿದ್ದರೆ ಕೊಯ್ಯುವ ಮೊದಲೇ ಬಾಣದ ಗುರುತು ಹಾಕಿಡಿ. ‘ಕಟಿಂಗ್ ಸಾಕು, ಪಾಲಿಶ್ ಬೇಡ’ ಎಂದು ಒತ್ತಿ ಹೇಳಿ. ಮೇಣವೋ ರೆಸಿನ್ನೋ ಬಳಿದರೆ ಆಸಿಡ್ ಕಲ್ಲಿಗೆ ತಾಕುವುದೇ ಇಲ್ಲ.

ಮನೆಯಲ್ಲಿ ದಪ್ಪ ಗಾಜಿನ ಮೇಲೆ ಕಾರ್ಬೋರಂಡಮ್ ಎಂಬ ಉಜ್ಜುವ ಪುಡಿ, ನೀರು ಹಾಕಿ ಒರಟಿನಿಂದ ನಯಕ್ಕೆ 220, 400, 600, 1000 ನಂಬರಿನ ಕ್ರಮದಲ್ಲಿ ಉಜ್ಜಿ. ಪ್ರತಿ ಹಂತಕ್ಕೂ ಕಲ್ಲು, ಗಾಜು, ಕೈ ಮೂರನ್ನೂ ತೊಳೆಯಲೇಬೇಕು. 220ರ ಒಂದು ಕಾಳು 600ರೊಳಗೆ ಸೇರಿದರೂ ಉದ್ದ ಗೀರು ಬೀಳುತ್ತದೆ, ಅದು ಪೀಲ್‌ನಲ್ಲಿ ಹವಳದ ಗೋಡೆಯಂತೆಯೇ ಕಾಣುತ್ತದೆ.

ಆಸಿಡ್‌ಗೆ 7 ಪಾಲು ನೀರು, 1 ಪಾಲು 35 ಶೇಕಡಾ ಹೈಡ್ರೋಕ್ಲೋರಿಕ್ ಆಸಿಡ್. ನೀರಿಗೆ ಆಸಿಡ್ ಸುರಿಯಬೇಕು, ತಿರುಗಾಮುರುಗಾ ಮಾಡಬೇಡಿ. ಕೈಗವಸು, ಕನ್ನಡಕ ಇರಲಿ. ನಯವಾದ ಮುಖವನ್ನು 10–15 ಸೆಕೆಂಡ್ ಅದ್ದಿ, ನೀರಲ್ಲಿ ಅಲ್ಲಾಡಿಸಿ ತೆಗೆದು, ಓರೆಯಾಗಿ ನಿಲ್ಲಿಸಿ ಒಣಗಿಸಿ. ಬೆರಳು ಮುಟ್ಟಿದರೆ ಕೆತ್ತನೆ ಅಳಿಸಿಹೋಗುತ್ತದೆ.

ಈಗ ಕಲ್ಲನ್ನು ಮರಳಿನ ತಟ್ಟೆಯಲ್ಲಿ ಮಟ್ಟವಾಗಿ ಕೂರಿಸಿ, ಮುಖದ ತುಂಬ ಅಸಿಟೋನ್ ಸುರಿದು, 0.1 ಮಿಮೀ ಅಸಿಟೇಟ್ ಹಾಳೆಯನ್ನು ಒಂದು ಅಂಚಿನಿಂದ ನಿಧಾನಕ್ಕೆ ಮಲಗಿಸಿ. ಹತ್ತಿರ ಬೆಂಕಿ ಬೇಡ, ಕಿಟಕಿ ತೆರೆದಿರಲಿ. ಈಗಿನ ಓಹೆಚ್‌ಪಿ (ಪ್ರೊಜೆಕ್ಟರಿನ ಪಾರದರ್ಶಕ) ಹಾಳೆಗಳು ಹೆಚ್ಚಾಗಿ ಪಾಲಿಯೆಸ್ಟರ್. ಒಂದು ಹನಿ ಅಸಿಟೋನ್ ಬಿಟ್ಟು ನೋಡಿ, ಅಂಟಾಗದಿದ್ದರೆ ಆ ಹಾಳೆ ಕೆಲಸಕ್ಕೆ ಬಾರದು. ಗುಳ್ಳೆ ಬಂದರೆ ಅಸಿಟೋನ್ ಕಡಿಮೆಯಾಗಿದೆ, ಇಲ್ಲವೇ ಹಾಳೆಯನ್ನು ಒಮ್ಮೆಲೇ ಹಾಕಿದ್ದೀರಿ. ಚಿತ್ರ ಮಸುಕಾದರೆ ಆಸಿಡ್ ಸಾಲದು. ಕನಿಷ್ಠ ಅರ್ಧ ಗಂಟೆ ಬಿಟ್ಟು ಕೀಳಿ. ಅವಸರದಲ್ಲಿ ಕಿತ್ತರೆ ಹಾಳೆ ಸುರುಟಿಕೊಳ್ಳುತ್ತದೆ.

ಎರಡು ಗಾಜಿನ ನಡುವೆ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ. ಹವಳದ ಮೂರು ಗುಂಪುಗಳನ್ನು ಹೀಗೆ ಗುರುತಿಸಿ: ಅಡ್ಡ ಕೊಯ್ತದಲ್ಲಿ ನಡುವಿಗೆ ಚಾಚಿದ ತಡಿಕೆಗಳು ಆರರ ಲೆಕ್ಕದಲ್ಲಿದ್ದರೆ ಸ್ಕ್ಲೆರಾಕ್ಟಿನಿಯಾ, ನಾಲ್ಕು ಮೂಲೆಯಲ್ಲಿ ಸೇರುತ್ತ ಹೋಗಿದ್ದರೆ ರುಗೋಸಾ. ತಡಿಕೆ ತೀರಾ ಸಣ್ಣದಿದ್ದು ಉದ್ದ ಕೊಯ್ತದಲ್ಲಿ ಮಹಡಿಗಳಂತೆ ಅಡ್ಡಪಟ್ಟಿಗಳಿದ್ದರೆ ಟ್ಯಾಬ್ಯುಲೇಟಾ. ಕೊನೆಯ ಎರಡೂ 25.2 ಕೋಟಿ ವರ್ಷದ ಹಿಂದೆ ಅಳಿದವು. ಸ್ಕ್ಲೆರಾಕ್ಟಿನಿಯಾದ ಅಸ್ಥಿ ಮೂಲತಃ ಅರಗೊನೈಟ್ ಎಂಬ ಸುಣ್ಣದ ಖನಿಜ. ಕಾಲಾಂತರದಲ್ಲಿ ಅದು ಕ್ಯಾಲ್ಸೈಟ್ ಎಂಬ ಇನ್ನೊಂದು ಸುಣ್ಣದ ಖನಿಜ ಆಗುವಾಗ ಸೂಕ್ಷ್ಮ ವಿವರ ಕಳೆದುಕೊಳ್ಳುತ್ತದೆ, ಹಾಗಾಗಿ ಚಿತ್ರ ಮಬ್ಬಾದಾಗಲೆಲ್ಲ ತಪ್ಪು ನಿಮ್ಮದೇ ಆಗಿರಬೇಕಿಲ್ಲ.

ಆ ಹವಳ ಬಾಳಿದ ಕಡಲಿನ ಕತೆ ಹೇಳುವುದು ಹವಳಕ್ಕಿಂತ ಅದರ ಸುತ್ತಲ ಕಲ್ಲು. ನಯವಾದ ಸುಣ್ಣದ ಕೆಸರಿದ್ದರೆ ಶಾಂತ ನೀರು, ಒಡೆದ ಚಿಪ್ಪು, ದಪ್ಪ ಕಾಳು ಇದ್ದರೆ ಅಲೆಯ ಹೊಡೆತ. ಒಂಟಿ ರುಗೋಸಾ ಕಂಡಾಕ್ಷಣ ‘ಬೆಚ್ಚನೆಯ ಹವಳ ದಿಬ್ಬ’ ಎಂದು ಬರೆಯಬೇಡಿ, ಒಂಟಿ ಹವಳಗಳು ಆಳದ ತಂಪು ನೀರಿನಲ್ಲೂ ಬಾಳಬಲ್ಲವು. ಹವಳದ ಟೊಳ್ಳುಗಳನ್ನೂ ನೋಡಿ: ಕೆಳಗೆ ಕೆಸರು, ಮೇಲೆ ಬಿಳಿ ಕ್ಯಾಲ್ಸೈಟ್ ತುಂಬಿದ್ದರೆ ಎರಡರ ನಡುವಿನ ಗೆರೆಯೇ ಅಂದಿನ ಸಮತಲ. ಆ ಗೆರೆಗೆ ಹೋಲಿಸಿದಾಗ ಹವಳ ತಲೆಕೆಳಗಾಗಿ ಕಂಡರೆ, ಕೆಸರು ಒಳಸೇರುವ ಮೊದಲೇ ಬಿರುಗಾಳಿಯೋ ಪ್ರವಾಹವೋ ಅದನ್ನು ಉರುಳಿಸಿರಬೇಕು.